ತಲೆಕಟ್ಟು

ಶಾಲೆಗೆ ಬೀಗ ಬಿದ್ದ ಮೂರನೇ ವಾರ
ಮೇಷ್ಟ್ರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಂದರು.
ಗಾಡಿಯಿಂದ ಇಳಿಯಲಿಲ್ಲ.
'ಕನ್ನಡದ ಪುಸ್ತಕ ಇನ್ನೂ ಬಂದಿಲ್ಲಮ್ಮ.
ಟೀವಿಯಲ್ಲಿ ಪಾಠ ಬರುತ್ತೆ, ತೆಲುಗಿನಲ್ಲಿ.
ಅಲ್ಲೀವರೆಗೆ ಏನಾದರೂ ನೀವೇ ಹೇಳಿಕೊಡಿ.'

ಏಳಕ್ಕೇ ಶಾಲೆ ಬಿಟ್ಟವಳು ನಾನು.
ರಾಯದುರ್ಗದ ಈ ಓಣಿಯಲ್ಲಿ
ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುವವಳು,
ಜೇಬಿಗೆ ಇಷ್ಟು ಅಂತ.
ಏನು ಹೇಳಿಕೊಡಲಿ?

ಗುಂಡಿಗಳಿದ್ದವು, ಹಿತ್ತಾಳೆಯವು, ಡಬ್ಬಿ ತುಂಬ.
ಸುಂಕಿ ಹತ್ತತ್ತರ ಗುಡ್ಡೆ ಹಾಕಿದಳು.
ನೂರಕ್ಕೆ ಒಂದು ಕಡಿಮೆ ಬಂತು.
ಮಂಚದ ಕೆಳಗೆ ಹುಡುಕಿ, ಮಿಷಿನ್ನಿನ ಪೆಡಲ್ಲಿನಡಿ ಹುಡುಕಿ
ಕೊನೆಗೆ ತಮ್ಮನ ಬಾಯಲ್ಲಿ ಸಿಕ್ಕಿತು.
ಕಳೆಯುವ ಲೆಕ್ಕ ಅವತ್ತೇ ಕಲಿತಾಯಿತು.

ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ,
ಕತ್ತರಿಸಿ ಉಳಿದ ನೀಲಿ ತುಂಡು:
ಇದಕ್ಕಿಂತ ಒಳ್ಳೆ ಪಾಟಿ ಯಾವ ಅಂಗಡಿಯಲ್ಲಿದೆ?
ಬರಿ, ಕೊಡವು, ಬರಿ.
ಪುಡಿ ಮೂಗಿಗೆ ಹೋಗಿ ಸುಂಕಿ ಸೀನಿದರೆ
ಓಣಿಗೆ ಓಣಿಯೇ ಬಾಗಿಲು ಹಾಕಿಕೊಳ್ಳುತ್ತಿತ್ತು.

ಎದುರುಮನೆ ಮಾಬುನ್ನಿಯೂ ಬಂದು ಕೂತಳು,
ತೆಲುಗು ಶಾಲೆಯವಳು,
ಹೊಸ್ತಿಲಾಚೆ, ಅವರಮ್ಮ ಎಳೆದ ಗೆರೆಯ ಹಿಂದೆ.
ಇಬ್ಬರೂ ಕ ಬರೆದರು.
'ಅಮ್ಮಾ, ಇವಳ ಕ ಹುಬ್ಬು ಹಾರಿಸ್ತೈತೆ!'
'ನೀದಿ ತಲಪಾಗ ಚುಟ್ಟುಕುಂದಿ, ಪೋವೇ!'
ತಲೆಕಟ್ಟು ಅಂತಾರೆ ಅದಕ್ಕೆ, ಅಂದೆ.
ಅಂದ ಮೇಲೆ, ನನಗೆ ಅದನ್ನು ಹೇಳಿಕೊಟ್ಟ ಟೀಚರ
ಹಸಿರು ಗಾಜಿನ ಬಳೆ ನೆನಪಾಯಿತು,
ಮುಖ ನೆನಪಾಗಲಿಲ್ಲ.

ಙ ಬಂದಾಗ ಮಾತ್ರ ನಾನು
ಸೂಜಿಗೆ ದಾರ ಪೋಣಿಸುವ ನೆಪ ಹೂಡಿದೆ.
'ಇದು ಯಾವುದಕ್ಕೆ ಬರುತ್ತಮ್ಮ?'
'ಸುಮ್ಮನೆ ಸಾಲಿನಲ್ಲಿ ನಿಲ್ಲಕ್ಕೆ.
ರೇಷನ್ ಅಂಗಡಿ ಮುಂದೆ ನಾವು ನಿಲ್ಲಲ್ವಾ, ಹಂಗೆ.'

ರಾತ್ರಿ, ಮಕ್ಕಳು ಮಲಗಿದ ಮೇಲೆ
ದಿನಕ್ಕೊಂದು ಅಕ್ಷರ ಹೊಲಿದೆ, ಒಂದೊಂದು ತುಂಡಿನ ಮೇಲೆ,
ಕಿತ್ತಳೆ ದಾರದಲ್ಲಿ.
ದಾರ ಸಾಹುಕಾರರದು.
ಜೇಬಿಗೆ ಎರಡು ಹೊಲಿಗೆ ಸಡಿಲ ಹಾಕಿ ಉಳಿಸಿದ್ದು;
ದೇವರು ಲೆಕ್ಕ ಇಟ್ಟರೆ ಇಡಲಿ.
ನೇರ ಓಡಿ ಅಭ್ಯಾಸವಾದ ಮಿಷಿನ್ನು
ತಿರುವಿಗೆ ಒಪ್ಪಲಿಲ್ಲ.
ಅ ಒಂದಕ್ಕೇ ಮೂರು ಸೂಜಿ ಮುರಿಯಿತು.
ಬೆಳಿಗ್ಗೆ ಸುಂಕಿ ಕಣ್ಣು ಮುಚ್ಚಿ
ದಾರದ ಮೇಲೆ ಬೆರಳಾಡಿಸಿ ಹೇಳಿದಳು:
'ಅ. ಇಲ್ಲಿ ಸ್ವಲ್ಪ ಬಿದ್ದೈತೆ.'

ಒಂದು ಮಧ್ಯಾಹ್ನ ಇಬ್ಬರದೂ ಸದ್ದಿಲ್ಲ.
ಹೊರಗೆ ಬಂದು ನೋಡಿದರೆ
ಎರಡು ಪಾಟಿ ಅಕ್ಕಪಕ್ಕ, ಗೆರೆಯ ಮೇಲೆಯೇ.
ಬ. ಜ. ಲ.
ರುಮಾಲೂ ಇಲ್ಲ, ಹುಬ್ಬೂ ಇಲ್ಲ,
ಬರಿದಲೆಯ ಅಕ್ಷರಗಳು.
ಯಾವುದು ಯಾರದೆಂದು ನನಗೂ ಗೊತ್ತಾಗಲಿಲ್ಲ.

ಸಂಜೆಗೆ ಓಣಿಯ ನೀಲಿ ಡ್ರಮ್ಮಿನ ಮೇಲೆ
ಒಬ್ಬಳು ಜ ಬರೆದಳು, ಒಬ್ಬಳು ಲ.
ನಾಲ್ಕು ದಿನಕ್ಕೊಮ್ಮೆ ನಲ್ಲಿ ತಿರುಗಿಸುವ ಎರ್ರಿಸ್ವಾಮಿ
ಬೀಡಿ ತೆಗೆದು ಕೇಳಿದ:
'ಇದು ಕನ್ನಡಾನಾ, ತೆಲುಗಾ?'
ಮಕ್ಕಳು ಮುಖ ಮುಖ ನೋಡಿಕೊಂಡರು.
'ನೀರು' ಅಂದಳು ಸುಂಕಿ.
'ನೀಳ್ಳು' ಅಂದಳು ಮಾಬುನ್ನಿ.
ಅವನು ನಲ್ಲಿ ತಿರುಗಿಸಿದ.
ಕೊಡ ತಾಗಿ ತಾಗಿ ಜ ಅಳಿಸಿತು,
ಇಬ್ಬರೂ ಜಗಳಾಡಿ ಮತ್ತೆ ಬರೆದರು.

ನನ್ನ ಬಟ್ಟೆ ಪುಸ್ತಕ ಪ ಮುಟ್ಟಿದ ವಾರ
ಶಾಲೆಯ ಬೀಗ ತೆಗೆದರು.
ಸುಂಕಿ ಅದನ್ನೇ ಬಗಲಿಗಿಟ್ಟುಕೊಂಡು ಹೋದಳು.
ಮೇಷ್ಟ್ರು ಹಿಂದೆ ಮುಂದೆ ತಿರುವಿ,
ಹೊಲಿಗೆಯ ಗಂಟುಗಳನ್ನು ಮುಟ್ಟಿ ನೋಡಿ,
'ಮಿಕ್ಕದ್ದು?' ಅಂದರಂತೆ.

'ಮಿಕ್ಕದ್ದು ನೀವು ಹೊಲೀರಿ ಸಾರ್,
ನಮ್ಮಮ್ಮಂಗೆ ಜೇಬು ಬಂದಾವೆ' ಅಂದಳಂತೆ.