ಬಾಗಿಲಿಗಿಟ್ಟ ಕಲ್ಲು

ಇಬಿಕುಯ್ ದಂಡೆಯಿಂದ ಅನ್ಯೇಲೋ ಬಯಲಿಗೆ
ಸಾವಿರದ ಮುನ್ನೂರು ಕಿಲೋಮೀಟರು.
ಲಾರಿಯಲ್ಲಿ ಮೂವತ್ತು ಟನ್ ಮರಳು, ನಾನು,
ಮಾಟೆ ಸೊಪ್ಪಿನ ಬುರುಡೆ, ಒಂದು ಫ್ಲಾಸ್ಕು ಬಿಸಿನೀರು.
ಮರಳನ್ನು ತೊಳೆದು, ಒಣಗಿಸಿ, ಜರಡಿ ಹಿಡಿದಿದ್ದಾರೆ.
ಗುಂಡಗಿರಬೇಕಂತೆ, ಒಂದೇ ಅಳತೆಯಂತೆ,
ಕೂಸಿನ ಗಂಜಿಗೆ ಅಕ್ಕಿ ಆರಿಸಿದಷ್ಟು ನಾಜೂಕು.
ಚಿಕ್ಕವನಿದ್ದಾಗ ಇದೇ ಮರಳಲ್ಲಿ ಅಕ್ಕ ನೆಲಿದಾ
ನನ್ನನ್ನು ಕುತ್ತಿಗೆವರೆಗೆ ಹೂತು
ಊಟಕ್ಕೆ ಓಡಿಹೋಗಿದ್ದಳು.

ಅಲ್ಲಿನ ಕಲ್ಲಿಗೆ ಯಾರೋ ಇಟ್ಟ ಹೆಸರು ‘ಸತ್ತ ಹಸು’.
ಹಸು ಕಾಣೆ, ಹುಲ್ಲೂ ಕಾಣೆ. ಗಾಳಿಯೊಂದೇ
ಬೆಳಗಿನಿಂದ ಬೈಗಿನವರೆಗೆ.
ಮೂರು ಕಿಲೋಮೀಟರು ಕೆಳಗೆ ಕಪ್ಪಗೆ ಮಲಗಿದೆ
ಒಂದು ಕಾಲದ ಕಡಲಿನ ತಳದ ಕೆಸರು.
ಈಜಿದ್ದು, ತೇಲಿದ್ದು, ಸತ್ತದ್ದು ಎಲ್ಲ ಅದರ ಪಾಲು.
ಮೇಲೆ ಮಣ್ಣು ಬಿತ್ತು, ಮಣ್ಣಿನ ಮೇಲೆ ಮಣ್ಣು,
ಕೆಸರು ಬೆಂದು ಕಲ್ಲಾಯಿತು,
ಒಳಗಿನದು ಅನಿಲವಾಗಿ ಅಲ್ಲೇ ಉಳಿಯಿತು.
‘ರಂಧ್ರ ಬೇಕಾದಷ್ಟಿದೆ’ ಅಂದಳು
ಪಂಪಿನ ವ್ಯಾನಿನ ಹುಡುಗಿ ಗ್ರಿಸೆಲ್ಡಾ ಪಾಯ್ನೆಮಿಲ್,
‘ಊರು ತುಂಬ ಮನೆ, ಒಂದಕ್ಕೂ ಬಾಗಿಲಿಲ್ಲ.’

ಆ ರಾತ್ರಿ ಸರದಿಯಲ್ಲಿ ನಾನು ಎಂಟನೆಯವನು.
ಚಳಿಗೆ ಕರೆದು ಒಳಗೆ ಕೂರಿಸಿಕೊಂಡಳು.
ಇಪ್ಪತ್ತು ಪಂಪು ಒಟ್ಟಿಗೆ ಗುಡುಗಿದವು.
ನೀರು ಇಳಿಯಿತು, ಅಡ್ಡ ತಿರುಗಿತು,
ಕಲ್ಲಿಗೆ ಭುಜ ಕೊಟ್ಟು ನಿಂತಿತು.
ಪರದೆಯ ಮೇಲಿನ ಗೆರೆ ಏರಿತು, ಏರಿತು,
ಇನ್ನೂ ಏರಿತು,
ತಟ್ಟನೆ ಒಂದಿಷ್ಟು ಕುಸಿಯಿತು.
‘ಬಿಟ್ಟಿತು’ ಅಂದಳು.
ನನಗೆ ಸದ್ದೇ ಕೇಳಲಿಲ್ಲ.
ಬಿರುಕು ಎತ್ತ ಹೋಗುತ್ತದೆ, ಕೇಳಿದೆ.
‘ಯಾವ ಕಡೆಯವರು ಕಡಿಮೆ ಒತ್ತುತ್ತಾರೋ
ಅವರನ್ನು ಸರಿಸಿ ಜಾಗ ಮಾಡಿಕೊಳ್ಳುತ್ತದೆ.
ಬಸ್ಸಿನಲ್ಲಿ ನೀನು ಮತ್ತೇನು ಮಾಡುತ್ತೀಯ?’

ಆಮೇಲೆ ನನ್ನ ಮರಳಿನ ಪಾಳಿ.
ನೀರಿನ ಜೊತೆ ಹೋಗಬೇಕು, ನೀರು ಹಿಂದೆ ಸರಿದಾಗ
ತಾನು ಮಾತ್ರ ನಿಲ್ಲಬೇಕು.
ಒತ್ತಡ ಇಳಿದರೆ ನೆಲ ಬಾಯಿ ಮುಚ್ಚುತ್ತದೆ,
ಪೂರ್ತಿ ಮುಚ್ಚದ ಹಾಗೆ ಹಲ್ಲಿನ ಸಂದಿಯಲ್ಲಿ ಕಾಳು.
ಮೂರು ಕಿಲೋಮೀಟರು ಬಂಡೆ
ಎಳ್ಳಿನಷ್ಟಿರುವುದರ ನೆತ್ತಿಯ ಮೇಲೆ.

ಬೇಲಿಯಾಚೆ ಆಡು ಮೇಯಿಸುವ ದೋನ್ಯಾ ಎರ್ಮೆಲಿಂದಾ
ನಮಗೆ ಕರಿದ ರೊಟ್ಟಿ ಮಾರುತ್ತಾಳೆ.
ಅವಳಿಗೆ ಇದನ್ನೆಲ್ಲ ವಿವರಿಸಿದೆ, ಎರಡು ರೊಟ್ಟಿಯ ಹೊತ್ತು.
ಅವಳು ಬಾಗಿಲು ತೋರಿಸಿದಳು. ಗಾಳಿಗೆ ಬಡಿಯದಿರಲೆಂದು
ಕೆಳಗೊಂದು ಕಲ್ಲು.
‘ಇಷ್ಟೇ ತಾನೆ?’
ಇಷ್ಟೇ, ಅಂದೆ.
‘ಆದರೆ ನನ್ನ ಕಲ್ಲನ್ನು ಸಂಜೆ ನಾನೇ ತೆಗೆಯುತ್ತೇನೆ.’

ಹೋದದ್ದು ಸಿಹಿನೀರು. ಬಂದದ್ದು ಕಡಲಿಗಿಂತ ಉಪ್ಪು,
ಅದೂ ಹೋದಷ್ಟು ಬರಲಿಲ್ಲ.
ಅನಿಲ ಮೊದಲ ವರ್ಷ ನುಗ್ಗಿ ಬಂತಂತೆ,
ಮರುವರ್ಷ ಅರ್ಧಕ್ಕೂ ಕಡಿಮೆ,
ಈಗ ಕಲ್ಲಿನ ಮೈಗೆ ಅಂಟಿದ್ದು ಒಂದೊಂದಾಗಿ
ಒಲ್ಲದ ಮನಸ್ಸಿನಿಂದ ಬಿಡಿಸಿಕೊಂಡು ಬರುತ್ತಿದೆ.
ಗ್ರಿಸೆಲ್ಡಾಳ ವ್ಯಾನು ಪಕ್ಕದ ಬಾವಿಗೆ ಹೋಯಿತು.
ಮರಳು ಮರಳುವುದಿಲ್ಲ.

ಖಾಲಿ ಲಾರಿ ಹಗುರ, ಪ್ರತಿ ಗುಂಡಿಗೂ ಎಗರುತ್ತದೆ.
ಊರಲ್ಲಿ ನೆಲಿದಾ ಕೆಟಲಿಗೆ ನೀರು ತುಂಬಿ
ಒಲೆಯ ತಿರುಪು ತಿರುಗಿಸಿದಳು. ನೀಲಿ ಉರಿ.
ಅವಳು ನನ್ನನ್ನು ಹೂತ ಜಾಗ ಈಗ ಹೊಂಡ,
ಬಾತುಗಳು ಬಂದಿವೆ, ಆಳ ಯಾರಿಗೂ ಗೊತ್ತಿಲ್ಲ.
‘ಇನ್ನೆಷ್ಟು ಟ್ರಿಪ್ಪಿದೆ?’ ಅಂದಳು.
ಬೂಟು ಕೊಡವುತ್ತಿದ್ದೆ. ಹೊಸಿಲ ಮೇಲೆ
ಒಂದು ಚಮಚೆಯಷ್ಟು ಬಿತ್ತು.
ಗುಡಿಸಬೇಡ, ಇರಲಿ ಅಂದೆ.