ಹತ್ತೊಂಬತ್ತು ದಿನದ ಬಿಲ್ಲು

ತಿಂಗಳಿಗೆ ನಾಕುನೂರಾ ಎಂಬತ್ತು.
ರಸೀದಿ ಹರಿದು ಕೊಟ್ಟರೆ ಅಂಬ್ರಮ್ಮ ಓದುವುದಿಲ್ಲ,
ಹಿಟ್ಟಿನ ಬೆರಳೆತ್ತಿ ಗೋಡೆ ತೋರಿಸುತ್ತಾಳೆ:
ಇಂಟರ್ನೆಟ್ಟಿನ ಪೆಟ್ಟಿಗೆಯ ಕೆಳಗೆ, ಸುಣ್ಣದ ಮೇಲೆ,
ಇದ್ದಿಲ ಗೀಟು. ಹನ್ನೊಂದು.
"ಕೆಂಪು ದೀಪದ ದಿನ ಅವು.
ಬರಲಾರದ ಆಳಿಗೆ ಯಾರು ಕೂಲಿ ಕೊಡ್ತಾರಪ?"

ಇಪ್ಪತ್ತು ವರ್ಷ ನೆಲ್ಲು ನಾಟಿ ಮಾಡಿದವಳ ಲೆಕ್ಕ ಅದು,
ಅರ್ಧ ದಿನಕ್ಕೆ ಅರ್ಧ, ಮಳೆಗೆ ಎದ್ದುಬಂದರೆ ಏನೂ ಇಲ್ಲ.
ಈಗ ಒಲೆಮುಂದಿನ ಮೂವರಿಗೆ ತಾನೇ ಕೂಲಿ ಕೊಡುತ್ತಾಳೆ.
ಖಡಕ್ ರೊಟ್ಟಿ ಸಿಂಧನೂರಿಂದ ಪುಣೆತನಕ ಹೋಗುತ್ತದೆ,
ಆರ್ಡರು ಬರುವುದು ಈ ಪೆಟ್ಟಿಗೆಯಿಂದ.
ದಿನಕ್ಕೆ ಹದಿನಾರು, ಹತ್ತೊಂಬತ್ತು ದಿನ,
ಮುನ್ನೂರಾ ನಾಕು.
ಮೇಲಿನ ನಾಕನ್ನೂ ನಾಣ್ಯದಲ್ಲಿ ಇಡುತ್ತಾಳೆ.

ನಾನು ಮೌಲಪ್ಪ. ವಸೂಲಿಯೂ ನಾನೇ, ಏಣಿಯೂ ನಾನೇ.
ಹೇಳಬೇಕೆನಿಸುತ್ತದೆ:
ಮೊದಲ ಮೂರು ಗೀಟು ಹುಲ್ಲಿನ ಟ್ರ್ಯಾಕ್ಟರಿನವು,
ಮನೆಯೆತ್ತರ ಹೇರಿಕೊಂಡು ಕುಷ್ಟಗಿ ರಸ್ತೆಯಲ್ಲಿ
ನಮ್ಮ ಕೇಬಲ್ಲು ಕೊರಳಿಗೆ ಹಾಕಿಕೊಂಡು ಹೋದ, ಹೊರಳಿ ನೋಡಲಿಲ್ಲ.
ನಾಕನೆಯದು ಅಳಿಲು.
ಐದರಿಂದ ಎಂಟು, ನೀರಿನ ಪೈಪಿಗೆ ನೆಲ ಬಗೆದ ಜೆಸಿಬಿ
(ನೀರು ಬಂದಿಲ್ಲ, ಗುಂಡಿ ಬಂದಿದೆ).
ಒಂಬತ್ತು, ಹತ್ತು ಕರೆಂಟಿನವು.
ಹನ್ನೊಂದನೆಯದು ನನಗೂ ಗೊತ್ತಿಲ್ಲ,
ತಾನೇ ಹೋಯಿತು, ತಾನೇ ಬಂತು,
ಮುನಿಸಿಕೊಂಡ ಬೀಗರ ಹಾಗೆ.

ಗಾಜು ಅದು. ಬೆಳಕು ಹರಿಯುವ ಗಾಜು,
ಕೂದಲಷ್ಟು ಸಪೂರ, ಅವಳ ರೊಟ್ಟಿಗಿಂತ ಬೇಗ ಮುರಿಯುತ್ತದೆ.
ಬಿಸಿಗಾಳಿಯ ಧೂಳಿಗೆ ಹೆದರಿ ಆಟೋದೊಳಗೆ ಪರದೆ ಇಳಿಬಿಟ್ಟು
ಎರಡು ಎಳೆ ಎದುರುಬದುರು ಹಿಡಿದು
ಮಿಷನ್ನು ಕಿಡಿ ಹಾರಿಸುವಾಗ ಉಸಿರು ಬಿಡಬಾರದು.
ತುಣುಕೊಂದು ಬೆರಳಿಗೆ ಹೊಕ್ಕರೆ ಕಾಣುವುದಿಲ್ಲ,
ರಾತ್ರಿ ಖಾರ ಕಲಸುವಾಗ ಗೊತ್ತಾಗುತ್ತದೆ.

ಇದನ್ನೆಲ್ಲ ಹೇಳಿದರೆ ಗೀಟು ಅಳಿಸಿಯಾಳೇ?
ಆಫೀಸಿನಲ್ಲಿ ಶೇಖರಗೌಡರು ಪೂರ್ತಿಯೇ ಬರೆದುಕೊಳ್ಳುತ್ತಾರೆ,
ಮೇಲಿನ ಕಂಪನಿಗೆ ಅವರೂ ಪೂರ್ತಿ ಕಟ್ಟಬೇಕಂತೆ,
ಬೆಳಕು ಬರಲಿ, ಬಿಡಲಿ.
ನಡುವೆ ಹರಿದ ನೂರಾ ಎಪ್ಪತ್ತಾರನ್ನು
ನನ್ನ ಪಗಾರ ತಂದು ಜೋಡಿಸುತ್ತಾರೆ.

ಈ ಸಲ ಹೊಸ್ತಿಲಲ್ಲಿ ಕರೆದಳು.
"ಗೀಟಿನ ಮಗ್ಗಲ ಚುಕ್ಕಿ ನೋಡಿಯೇನು?
ನೀ ಏಣಿ ತಂದ ದಿನ ಅವು. ಏಳು.
ನಡುರಾತ್ರಿಯದು ಒಂದು, ಅದಕ್ಕ ದೊಡ್ಡದು ಇಟ್ಟೀನಿ.
ಅವಕ್ಕ ನಿನಗ ಕೂಲಿ ಕೊಟ್ಟಾರೇನು ನಿಮ್ಮ ಗೌಡ್ರು?"

ಜೋಳದ ಹಿಟ್ಟಿನ ಚುಕ್ಕಿ. ಎಣಿಸಿದೆ, ಆರೇ ಇದ್ದವು.
"ಒಂದು ಇರುವಿ ಒಯ್ದಾವ," ಅಂದಳು,
"ನನಗ ನೆನಪೈತಿ."

ರಸೀದಿ ವಾಪಸು ಇಸಕೊಂಡೆ.
ನಾಕುನೂರಾ ಎಂಬತ್ತಕ್ಕೆ ಅಡ್ಡಗೆರೆ ಎಳೆದು
ಮುನ್ನೂರಾ ನಾಕು, ಹತ್ತೊಂಬತ್ತು ದಿನಕ್ಕೆ,
ಎಂದು ಬರೆದು ಸಹಿ ಹಾಕಿದೆ. ಗೌಡರು ಓದಲಿ.
ಒಳಗೆ ರೊಟ್ಟಿ ಬಡಿವ ಸದ್ದು ಮತ್ತೆ ಶುರುವಾಯಿತು.
ಏಣಿ ಹೆಗಲಿಗಿಡುವಾಗ
ಬಲಗೈ ತೋರುಬೆರಳು ಚುರುಕ್ಕೆಂದಿತು.