ಬಿಚ್ಚುವ ಗಂಟು

ಆಷಾಢದಾಗ ಲಗ್ನ ಇಲ್ಲ, ಬ್ಯಾಂಡಿಲ್ಲ, ಮೆರವಣಿಗಿ ಇಲ್ಲ.
ಮದಿಮಗನ ಕುದರಿ ಸಾಕುವ ಮಶಾಕಸಾಬ
ಎರಡು ವರ್ಷದ ಮರಿಯೊಂದು ತಂದು
ನನ್ನ ಹಿತ್ತಲದಾಗ ಬಿಟ್ಟ:
"ಒಂದೀಟು ನೋಡ್ಕೋ ರೇವಣಸಿದ್ದ,
ಹೆಂಗೂ ಖಾಲಿ ಕುಂತೀದಿ."

ಖರೆ ಮಾತು. ಖದಾನಿನಾಗ ನೀರು ನಿಂತು
ಮಾಲಕ ಫೋನು ಎತ್ತೋದು ಬಿಟ್ಟು
ಹಾರಿ, ಛಾಣ, ಸುತ್ತಿಗಿ
ಮಂಚದ ಬುಡಕ ತುಕ್ಕು ತಿನ್ನಲಿಕತ್ತಿದ್ದವು.

ಹುರಿದ ಶೇಂಗಾದ ಬಣ್ಣ; ಹೆಸರೂ ಶೇಂಗಾ.
ಮೊದಲ ದಿನ ಜಾಲಿಮುಳ್ಳಿನ ಬೇಲಿ ಮುರೀತು.
ಮರುದಿನ ತಂತಿ. ಎದಿ ಗೀರಿ ರಕ್ತ,
ಅರಿಷಿಣ ಎಣ್ಣಿ ಹಚ್ಚಿದೆ, ನನಗೂ ಒಂದು ಒದ್ದಿತು.
ಆಮ್ಯಾಗ ನನ್ನ ಕೈಲೆ ಸೀಳಿದ ಪರಸಿ,
ಎದಿಮಟ, ಮೊಣಕಾಲುದ್ದ ಹುಗಿದು ನಿಲ್ಲಿಸಿದೆ:
ಶಹಾಬಾದಿನ ಕಲ್ಲು, ಯಾರ ಅಂಜಿಕಿ?
ಅದು ದೂಡಲಿಲ್ಲ, ಹಾಯಲಿಲ್ಲ.
ತಿರುಗಿ ನಿಂತು ಕುಂಡಿ ತಿಕ್ಕಿತು,
ತಿಕ್ಕೇ ತಿಕ್ಕಿತು, ಮಧ್ಯಾಹ್ನದ ತನಕ,
ಕಲ್ಲು ಕುಡಿದವರಂಗ ವಾಲಿ
ಒಂದರ ಮ್ಯಾಗ ಒಂದು ಮಲಗಿದವು.

ಬಾಜೂ ಹೊಲದ ಸಾಬಮ್ಮ ಬಂದಳು,
ಮುರಿದ ತೊಗರಿ ಸಸಿ ಒಂದೇ ಒಂದು ಕೈಯಾಗ.
"ಮೇಯ್ತೇನವ್ವ?" ಅಂದೆ.
"ಮೇದಿದ್ರ ಬೈಲಿಕ್ಕ ಜಾಗ ಇರ್ತಿತ್ತು!
ನಟ್ಟನಡು ನಿಂತು ಸೋಲಾಪುರ ಗಾಡಿ ನೋಡ್ತು,
ಗಾಡಿ ಹೋತು, ಹೊಳ್ಳಿ ಬಂತು,
ಅದೂ ಹೊಸಾ ಕಂಡಿ ಮಾಡಿಕೊಂಡು."

ಕಾಲಿಗೆ ಹಗ್ಗ ಹಾಕು ಅಂದ್ರು. ಎರಡು ಬಾರಿಸು ಅಂದ್ರು.
ರೊಟ್ಟಿ ಬಡಿಯೂತಲೇ ನನ್ನ ಹೆಂಡತಿ ಗಂಗೂಬಾಯಿ
"ಅದಕ್ಕ ಹಸಿವಿಲ್ಲ, ಬ್ಯಾಸರ" ಅಂದಳು,
ಕುದರಿ ಕಡಿ ನೋಡದೆ, ನನ್ನ ಕಡಿ ನೋಡಿ.
"ನೆರಳು ಸರಿದಂಗ ಮಂಚ ಸರಿಸ್ತೀರಿ ನೀವು.
ನಾ ಏನು ಬೇಲಿ ಹಾಕೀನೇನು ನಿಮಗ?"

ಬೇವಿಗೆ ಹಳೇ ಡಬ್ಬಿ ಕಟ್ಟಿದೆ, ಒಳಗ ಹರಳು;
ಒಂದು ತಾಸು ಗಡಗಡ ಆಡಿಸಿ ಮರೀತು.
ಮೇವು ಮೂರು ಮೂಲಿಗೆ ಚೆಲ್ಲಿದೆ, ಹುಡುಕಲಿ ಅಂತ.
ಜೋಡಿಗೆ ಸಾಬಮ್ಮನ ಆಡು ತಂದೆ,
ಆಡು ಡಬ್ಬಿಯ ಹಗ್ಗ ತಿಂತು.
ನಸುಕಿನಾಗ ಕಾಗಿಣಾ ತನಕ ನಡೆಸಿದೆ,
ನನ್ನ ಚಪ್ಪಲಿ ಸವೀತು, ಅದರ ಹಗಲು ಸಲೀಸಾತು.
ಆದ್ರ ರಾತ್ರಿ?
ಎಳೇ ಕುದರಿಗೆ ರಾತ್ರಿ ಭಾಳ ಉದ್ದ.

ಒಂದಿನ ಸುಮ್ನೆ ಬೇವಿನ ಟೊಂಗಿಗೆ
ಕಾಲಿಗೆ ತೊಡಕದಂಗ ಮೊಳದುದ್ದ ಹಗ್ಗ ಬಿಗಿದು
ಕಲ್ಲೆತ್ತುವ ಗಂಟು ಹಾಕಿದೆ,
ನಡುವ ಚೂರು ಬೆಲ್ಲ.
ಮುಂಜಾನಿ ನೋಡಿದರ ಹಗ್ಗ ಜೊಲ್ಲಿನಾಗ ತೊಯ್ದು
ನೆಟ್ಟಗ ತೂಗ್ತಿತ್ತು. ಬೇಲಿ ನಿಂತಿತ್ತು.

ಮರುರಾತ್ರಿ ಎರಡು ಸುತ್ತು. ಅದರ ಮರುರಾತ್ರಿ
ಅಪ್ಪ ಕಲಿಸಿದ್ದು, ಹೆಸರಿಲ್ಲದ್ದು.
ದಿನಾ ಒಂದು ಒಡಪು ಹಾಕ್ತೀನಿ,
ಹಲ್ಲಿಲೆ ಬಿಡಿಸ್ತದ.
ಇಪ್ಪತ್ತು ವರ್ಷ ನಾ ಹಾಕಿದ ಗಂಟೆಲ್ಲ
ಬಿಚ್ಚಬಾರದ ಗಂಟು: ಕೆಳಗ ಮಂದಿ ಇರ್ತಿದ್ರು,
ಮ್ಯಾಲ ಕಲ್ಲು ತೂಗ್ತಿತ್ತು.
ಬಿಚ್ಚಲಿ ಅಂತ ಹಾಕೋದು ಬ್ಯಾರೇನೇ ವಿದ್ಯಾ.
ಭಾಳ ಬಿಗಿ ಆದ್ರ ಸಿಟ್ಟಿಗೇಳ್ತದ,
ಸಡಿಲಾದ್ರ ಅವಮಾನ ಮಾಡಿದಂಗ ನೋಡ್ತದ.
ಹಗಲೆಲ್ಲ ಈಗ ಮಂಚದ ಮ್ಯಾಗ ಕುಂತು
ಬೆರಳಿನಾಗ ಸುತಳಿ ಸುತ್ತಿ ಬಿಚ್ಚಿ
ರಾತ್ರಿದು ಯೋಚಿಸ್ತೀನಿ.
ಮಂಚ ಬಿಸಿಲಿಗೆ ಬಂದದ್ದೂ ತಿಳೀವಲ್ದು.

ನಿನ್ನೆ ಮೈಕೈ ನೋವು, ಮರೆತು ಮಲಗಿದೆ.
ನಡುರಾತ್ರಿ ಹಿತ್ತಲದಾಗ
ಪರಸಿಗೆ ಮೈ ತಿಕ್ಕುವ ಸಪ್ಪಳ,
ತಿಕ್ಕಿ ನಿಲ್ಲಿಸಿ, ತಿಕ್ಕಿ ನಿಲ್ಲಿಸಿ,
ಬಾಗಿಲ ಬಡಿದಂಗ.

ಕಲ್ಲು ಹಿಡಿಲಿಕ್ಕ ಓಡಲಿಲ್ಲ ನಾ.
ಕತ್ತಲಾಗ ತಡಕಾಡಿ
ಹಗ್ಗ ಹುಡುಕಿದೆ.